ಅರ್ಧ ಮೆಗಾಬೈಟಿನ ಹಣೆಬರಹ

ಕುತಾಯಿಸಿಯಲ್ಲಿ ಆಗಸ್ಟ್. ರಿಯೋನಿ ನದಿ
ಬಿಳಿ ಬಂಡೆಗಳ ನಡುವೆ ಬಡವಾಗಿ ಹರಿಯುತ್ತಿದೆ.
ನಾಲ್ಕನೇ ಮಹಡಿಯಲ್ಲಿ ಕೂತು ಕತ್ತರಿಸುತ್ತಿದ್ದೇನೆ
ಯಾರದೋ ಮದುವೆಯನ್ನು:
ಕುಡಿದ ಚಿಕ್ಕಪ್ಪನನ್ನು ತೆಗೆದು, ಅತ್ತ ಅಜ್ಜಿಯನ್ನು ಉಳಿಸಿ.

ಮದುಮಗಳು ಕುಣಿಯಲೆಂದು ಕಾಲೆತ್ತಿದಳು.
ತೊಂಬತ್ತೊಂದು ಡಿಗ್ರಿ.
ಮುಖದ ತುಂಬ ಹಸಿರು ಚೌಕ, ಆಮೇಲೆ ಕತ್ತಲು.
ಇದು ಮೂರನೆಯ ಸಲ.

ಈ ಕಾರ್ಡು ಕೊಂಡದ್ದು ಗೋಚಾನಿಂದ, ಅರ್ಧ ಬೆಲೆಗೆ.
ಅವನ ತಾತ ದ್ರಾಕ್ಷಾರಸದ ಹೂಜಿ ಹೂತಿಟ್ಟ ನೆಲಮಾಳಿಗೆಯಲ್ಲಿ
ಇಂಥವು ಹನ್ನೊಂದನ್ನು ಸಾಲಾಗಿ ನೇತುಹಾಕಿ
ಹಗಲಿರುಳು ನಾಣ್ಯ ಅಗೆಸಿದ್ದ, ಕಣ್ಣಿಗೆ ಕಾಣದ ನಾಣ್ಯ.
ಬಿಚ್ಚಿ ಊದಿದರೆ ಈಗಲೂ
ಹುಳಿದ ದ್ರಾಕ್ಷಿಯ ವಾಸನೆ.

ಧೂಳು ಕೆರೆದೆ. ಬಟಾಣಿಯಷ್ಟು ಹೊಸ ಪೇಸ್ಟು ಹಚ್ಚಿದೆ.
ಎರಡು ಡಿಗ್ರಿ ಇಳಿಯಿತು, ದಾಕ್ಷಿಣ್ಯಕ್ಕೆ.

ದೋಷ ಫ್ಯಾನಿನದಲ್ಲ, ಅದಕ್ಕೆ ಸಿಕ್ಕ ಅಪ್ಪಣೆಯದು:
ಅರವತ್ತೈದರವರೆಗೆ ಅಲುಗಾಡಬೇಡ,
ಎಂಬತ್ತಾದರೂ ಅವಸರ ಬೇಡ,
ಗಿರಾಕಿಗೆ ಸದ್ದಾಗದು.
ಯಾವುದೋ ತಂಪು ಕೋಣೆಯಲ್ಲಿ ಕೂತವರ ಬರಹ.

ಲಿಫ್ಟು ರಿಪೇರಿಯ ಮಲ್ಖಾಜ್ ಹೇಳಿದ:
ಅದೇ ಚಿಪ್ಪಿಗೆ ಬೇರೆ ಕಂಪನಿ ಬೇರೆ ಬರೆದಿದೆ,
ಅವರ ಫ್ಯಾನು ಹುಟ್ಟಿದಾಗಿನಿಂದ ತಿರುಗುತ್ತದೆ.
ಹಣೆಬರಹ ಅಳಿಸಿ ಬರೆ. ಆದರೆ
ಹಳೆಯದನ್ನು ಮೊದಲು ಎತ್ತಿಡು, ಲಮಾರಾ,
ಎತ್ತಿಡದೆ ಕೈ ಹಾಕಬೇಡ.

ಪೆನ್‌ಡ್ರೈವಿನಲ್ಲಿ ಎತ್ತಿಟ್ಟೆ. ನೋಡಿದರೆ ಅರ್ಧ ಮೆಗಾಬೈಟು.
ಮದುಮಗನ ಒಂದು ಫೋಟೋದಲ್ಲಿ
ಅವನ ಮೀಸೆಯೇ ಅದಕ್ಕಿಂತ ದೊಡ್ಡದಿದ್ದೀತು.

ರಾತ್ರಿ ಮೂರು. ಕರೆಂಟನ್ನು ನಂಬಬಹುದಾದ ಹೊತ್ತು.
ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ.
ಕಪ್ಪು ಕಿಟಕಿಯಲ್ಲಿ ಒಂದು ಸಾಲು ಬರೆದು
ಎಂಟರ್ ಒತ್ತಿದೆ.

ಅಳಿಸುತ್ತಿದೆ, ಎಂದಿತು.
ಹನ್ನೆರಡು ಸೆಕೆಂಡು ಅದಕ್ಕೆ ಹೆಸರಿಲ್ಲ, ಕುಲವಿಲ್ಲ,
ಬಿಸಿಯೆಂದರೇನು ತಂಪೆಂದರೇನು ಗೊತ್ತಿಲ್ಲ.
ಕೆಳಗೆ ಬೀದಿಯಲ್ಲಿ ಯಾರೋ ಕಾರಿನ ಬಾಗಿಲು ಬಡಿದರು.
ದೀಪ ಮಿಣುಕಿತೋ,
ನಾನೇ ರೆಪ್ಪೆ ಬಡಿದೆನೋ.

ಬರೆಯುತ್ತಿದೆ, ಎಂದಿತು.

ಮತ್ತೆ ಹೊತ್ತಿಸಿದೆ. ಪರದೆ ಕಪ್ಪು.
ಆದರೆ ಕಿವಿಗೆ ಮೂರೂ ಫ್ಯಾನಿನ ಸುಯ್ಯೆಂಬ ಸದ್ದು.
ಜೀವವಿದೆ, ನನ್ನ ಮುಖ ನೋಡಲೊಲ್ಲದು ಅಷ್ಟೆ.
ತಂತಿ ಕಿತ್ತು ಪಕ್ಕದ ಕಿಂಡಿಗೆ ಚುಚ್ಚಿದೆ. ಬೆಳಕು.

ಈಗ ಎಪ್ಪತ್ತೆರಡು, ಏರುವುದಿಲ್ಲ.
ಯಾರೆಂದು ಕೇಳಿದರೆ ಬೇರೆ ಮನೆತನದ ಹೆಸರು ಹೇಳುತ್ತದೆ,
ನಾಚಿಕೆಯಿಲ್ಲದೆ.
ಆ ಮೊದಲ ಕಿಂಡಿ ಮಾತ್ರ ಕುರುಡಾಗೇ ಉಳಿಯಿತು:
ಹೊಸ ಬರಹಕ್ಕೆ ಈ ಮನೆಯಲ್ಲಿ
ಅಂಥದೊಂದು ಬಾಗಿಲಿರುವುದೇ ತಿಳಿಯದು.
ನನ್ನ ಎರಡನೇ ಪರದೆಯ ಮೇಲೆ ಈಗ ಟವೆಲು ಒಣಗುತ್ತದೆ.

ಬೆಳಗಿನ ಜಾವ ಮದುಮಗಳು
ಎತ್ತಿದ ಕಾಲನ್ನು ಕೊನೆಗೂ ನೆಲಕ್ಕಿಟ್ಟಳು.
ಸರಿಯಾಗಿ ಅದೇ ತಾಳಕ್ಕೆ ಗೋಡೆಯಾಚೆಯಿಂದ
ಮುದುಕಿ ತ್ಸಿಯಾಲಾಳ ಕೋಲು:
ಏನೇ ಅದು ಸದ್ದು,
ಗಿರಣಿ ಇಟ್ಟೆಯಾ?