ಥಾರ್ಬಿ, ಕೆ.ಎಚ್.

ಲಿಂಕನ್‌ಶೈರಿನ ಎಲೆಕೋಸಿನ ಹೊಲಗಳ ನಡುವೆ
ಹನ್ನೊಂದು ಮನೆ, ಒಂದು ಅಂಚೆಪೆಟ್ಟಿಗೆ:
ಲಿಟಲ್ ಥಾರ್ಬಿ.
ಗ್ರೇಟ್ ಥಾರ್ಬಿ ಎರಡು ಮೈಲಿ ಆಚೆ;
ಅದಕ್ಕೂ ಬಸ್ಸು ಬುಧವಾರ ಮಾತ್ರ.

ಮಹ್ವಶ್ ಮುದುಕಿಯ ಕಾಲಿನ ಹುಣ್ಣಿಗೆ
ಪಟ್ಟಿ ಕಟ್ಟುತ್ತಿದ್ದೆ.
"ನಮ್ಮ ಇರಾನಿನಲ್ಲಿ
ನೀರು ತಂದವನ ಹೆಸರಿಗೆ
ಆಬಾದ್ ಅಂಟಿಸಿದರೆ ಊರಾಯಿತು.
ನೀರು ಬತ್ತಿದ ಮೇಲೂ ಹೆಸರು ಬಿಡೋದಿಲ್ಲ.
ಇದು ಮಾತ್ರ ಥಾರ್ಬಿ ಖುರ್ದ್.
ಖುರ್ದ್ ಅಂದರೆ ಚಿಕ್ಕದು, ಸಿಸ್ಟರ್."

ಕತ್ತರಿ ನಿಂತಿತು.

ನಮ್ಮೂರ ಬಾಲಕ್ಕೂ ಇತ್ತಲ್ಲ, ಕೆ.ಎಚ್.!
ಯಾರೋ ಗೌಡರ ಇನಿಷಿಯಲ್ಲು ಅಂದುಕೊಂಡು
ಏಳನೇ ಇಯತ್ತೆವರೆಗೂ
ಆ ಗೌಡರಿಗೆ ಹೆದರಿದ್ದೆ.

ಪಟ್ಟಿಯ ಮೇಲೆ ತಾರೀಖು ಬರೆದೆ.
ವಿಳಾಸದ ಕಾಲಮ್ಮಿನಲ್ಲಿ
ಥಾರ್ಬಿ, ಕೆ.ಎಚ್.
ಯಾರಪ್ಪ ಇವನು ಅಂತ
ಆಫೀಸಿನವರು ಹೆದರಲಿ ಸ್ವಲ್ಪ.