ಒಂದೋ, ಎರಡೋ

ಅಪ್ಪನನ್ನು ದಾರಿ ಕೇಳಬಾರದೆಂದು
ಆಲ್ಟೂನಾದಲ್ಲಿ ಎಲ್ಲರಿಗೂ ಗೊತ್ತಿತ್ತು.
ಇಗರ್ಜಿ ಅಲ್ಲಿದೆ ಎಂದು ಬೆರಳು ಚಾಚಿದರೆ
ಹೊಸಬರು ಹೋಗಿ ನಿಲ್ಲುತ್ತಿದ್ದುದು ಸಾರಾಯಿ ಅಂಗಡಿಯೆದುರು.

ಬಲಗೈಗೆ ಬೆರಳು ಐದು, ದಿಕ್ಕೂ ಐದು.
ತೋರುಬೆರಳು ಸ್ಕ್ರ್ಯಾಂಟನ್ನಿನದು, ಸಾವಿರದ ಒಂಬೈನೂರ ಏಳು:
ಬ್ಯಾಟಿನ ಅಂಚು ಸವರಿ ಬಂದ ಚೆಂಡು.
ನಡುಬೆರಳು ಎರಡು ಸಲ; ಎರಡೂ ಸಲ ಮಳೆ ಬಂದು
ಆಟ ಲೆಕ್ಕಕ್ಕೇ ಸೇರಲಿಲ್ಲವಂತೆ.
ಕಿರುಬೆರಳ ಕಥೆ ಅಮ್ಮ ಒಳಗಿದ್ದರೆ ಹೇಳುತ್ತಿರಲಿಲ್ಲ.
ಜರ್ಮನರ ಪದ್ಧತಿ, ಬಲಗೈಗೇ ಉಂಗುರ.
ಮದುವೆಯ ದಿನ ಪಾದ್ರಿ ತಿರುಗಿಸಿದರು, ಸೋಪು ಹಚ್ಚಿದರು,
ಗೆಣ್ಣು ದಾಟಲಿಲ್ಲ.
ಅಡುಗೆಮನೆಯ ಮೊಳೆಯಲ್ಲಿ ಅದು ನಲವತ್ತು ವರ್ಷ
ಕೀಲಿಕೈಗಳ ಜೊತೆ ಸಂಸಾರ ಮಾಡಿತು.

ಆಲೋಯ್ಸ್ ಗ್ರೇಬ್ನರ್, ಕ್ಯಾಚರ್.
ಎಂಟು ಮಂದಿ ಅವನತ್ತ ಮುಖಮಾಡಿ ನಿಂತರೆ
ಅವನೊಬ್ಬ ಎದುರುಮುಖ, ಕುಕ್ಕರಗಾಲಲ್ಲಿ,
ಕಕ್ಕಸಿಗೆ ಕೂತವನ ಹಾಗೆ ಎಂದು ಅಜ್ಜಿ ನಗುತ್ತಿದ್ದಳು.
ಎಡಗೈಯ ಗವಸಿನೊಳಗೆ, ಅಂಗೈ ಉರಿಯದಿರಲೆಂದು,
ಕಟುಕನಿಂದ ಕಡ ತಂದ ದನದ ಮಾಂಸದ ತುಂಡು.
ಏಳನೆಯ ಸರದಿಯ ಹೊತ್ತಿಗೆ ನೊಣಗಳೂ ಆಟ ನೋಡಲು ಬರುತ್ತಿದ್ದವು.
ತಿಂಗಳಿಗೆ ತೊಂಬತ್ತು ಡಾಲರ್, ರೈಲಿನಲ್ಲಿ ಕೂತೇ ನಿದ್ದೆ.
ದೊಡ್ಡ ಲೀಗಿನಲ್ಲಿ ಒಂದು ಸೆಪ್ಟೆಂಬರ್, ಹನ್ನೊಂದು ಆಟ.
ಆಡಿದೆ ಎನ್ನುತ್ತಿರಲಿಲ್ಲ. ಹೋಗಿದ್ದೆ ಎನ್ನುತ್ತಿದ್ದ,
ಯಾರದೋ ಮನೆಗೆ ಹೋಗಿ
ಬಾಗಿಲಲ್ಲೇ ಮಾತಾಡಿ ಬಂದವನಂತೆ.

ಕೆಲಸ ಹೋದದ್ದು ತೋಳು ಸೋತು ಅಲ್ಲ, ಮಂಡಿ ಸೋತೂ ಅಲ್ಲ.
ತೊಡೆಗಳ ನಡುವೆ ಗುಟ್ಟಾಗಿ
ಒಂದು ಬೆರಳು ಇಳಿಬಿಟ್ಟರೆ ವೇಗದ ಚೆಂಡು,
ಎರಡಾದರೆ ತಿರುವಿನದು.
ಆ ಬೆರಳುಗಳೋ, ಒಂದನ್ನು ಕಳಿಸಿದರೆ
ಇನ್ನೊಂದು ಕರೆಯದೇ ಹಿಂದೆ ಬರುವಂಥವು.
ಹುಡುಗ ಪಿಚರ್ ಎರಡೆಂದುಕೊಂಡ. ಅಪ್ಪ ಹೇಳಿದ್ದು ಒಂದು.
ಚೆಂಡು ಹಿಂಬದಿಯ ಬೇಲಿಗೆ,
ಮೂರನೇ ಬೇಸಿನಲ್ಲಿದ್ದವನು ನಗುತ್ತಾ ಮನೆಗೆ,
ಮರುದಿನ ಬೆಳಿಗ್ಗೆ ಅಪ್ಪನೂ ಮನೆಗೆ.

ಆಮೇಲೆ ಮೂವತ್ತೊಂದು ವರ್ಷ ರೈಲ್ವೆ ಕಾರ್ಖಾನೆಯಲ್ಲಿ
ಬಾಯ್ಲರುಗಳಿಗೆ ರಿವೆಟ್ಟು ಬಡಿದ.
ಸುತ್ತಿಗೆ ಹಿಡಿಯಲು ಬೆರಳು ನೆಟ್ಟಗಿರಬೇಕಿಲ್ಲ.
ಊಟದ ಮೇಜಿನಡಿ ನನಗೆ ಮಾತ್ರ ಸನ್ನೆ:
ಒಂದೆಂದರೆ ಸೂಪು ಕೆಟ್ಟಿದೆ,
ಎರಡೆಂದರೆ ಆದರೂ ಕುಡಿ.
ನಾನೂ ತಪ್ಪು ಓದಿ ಅಮ್ಮನಿಂದ ಬೈಸಿಕೊಂಡಿದ್ದೇನೆ.

ಕಳೆದ ಮಾರ್ಚಿನಲ್ಲಿ, ಆಸ್ಪತ್ರೆಯ ಕಂಬಳಿಯಡಿ
ಆ ಕೈ ಕದಲಿತು. ಸರಿಸಿ ನೋಡಿದೆ.
ಒಂದೋ, ಎರಡೋ.
ಒಲ್ಲೆನೆಂದು ತಲೆಯಲ್ಲಾಡಿಸಬಹುದಿತ್ತು,
ಹಟಮಾರಿ ಪಿಚರುಗಳ ಹಾಗೆ;
ಇನ್ನೊಮ್ಮೆ ತೋರಿಸುತ್ತಿದ್ದನೇನೋ.
ತಿಳಿಯದೆಯೇ, ಹೂಂ ಎಂದು ತಲೆದೂಗಿದೆ.
ಅವನು ಎಡಗೈ ಬಿಚ್ಚಿ ಕಾದ.