ನಾಲ್ಕನೆಯ ಅಲಗು

ತಳಕಿನ ಬಸ್ ಸ್ಟ್ಯಾಂಡಿನ ಎದುರು ನನ್ನ ಕ್ಷೌರದಂಗಡಿ.
ಎರಡು ಕುರ್ಚಿ. ಕನ್ನಡಿಯಲ್ಲೊಂದು ಬಿರುಕು,
ಎಲ್ಲರ ಹಣೆಯೂ ಅಲ್ಲಿ ಎರಡಾಗುತ್ತದೆ.
ಅಪ್ಪನ ಮಸೆಗಲ್ಲು ಹನ್ನೊಂದು ವರ್ಷದಿಂದ
ಬಾಗಿಲು ಗಾಳಿಗೆ ಬಡಿಯದ ಹಾಗೆ ಒತ್ತು ಕೊಟ್ಟು ಕೂತಿದೆ.
ಈಗೆಲ್ಲ ಗಿರಾಕಿಗೊಂದು ಬ್ಲೇಡು:
ಅರ್ಧ ಮುರಿ, ಸಿಕ್ಕಿಸು, ಎಸೆ.

ಮಧ್ಯಾಹ್ನ ಪಾಲಯ್ಯ ಬಂದ.
ಗಡ್ಡಕ್ಕಲ್ಲ.
ಪೌಡರ್ ಡಬ್ಬಿ ಸರಿಸಿ, ಕಂಬಳಿ ಚೂರು ಬಿಚ್ಚಿ ಹಾಸಿದ.
ನಾಲ್ಕು ಅಂಬಿನಲಗು,
ಬೇವಿನೆಲೆಯ ಅಳತೆ, ನಡುವೆ ಏಣು,
ತುಕ್ಕು ಬೆರಳಿಗೆ ಕುಂಕುಮದಂತೆ ಹತ್ತಿತು.

"ಸಾಣೆ ಚಕ್ರದೋನ ಹತ್ರ ಹೋಗೋದಲ್ವಾ?"
"ಕಿಡಿ ಹಾರಿಸ್ತಾನೆ ಅವನು. ಉಕ್ಕು ನೀಲಿ ಆಗ್ತೈತೆ.
ನೀಲಿ ಆದ್ಮೇಲೆ ಅದು ತಗಡು ಕಣಪ್ಪಾ.
ನಿಮ್ಮಪ್ಪನ ಕಲ್ಲು ಐತಲ್ಲ?"

ಇತ್ತು. ತೊಳೆದೆ. ಜೇಡರ ಬಲೆ, ಬೀಡಿ ತುಂಡು,
ಕೆಳಗೆ ಅಪ್ಪನ ನಲವತ್ತು ವರ್ಷದ ತಗ್ಗು.
ಆ ತಗ್ಗು ಬಿಟ್ಟು ಅಂಚಿನ ಮಟ್ಟದಲ್ಲಿ ಕೂತೆ.
ಶೇಂಗಾ ಎಣ್ಣೆ ಬಾಟಲಿಗೆ ಕೈ ಹಾಕಿದರೆ
"ಅಂಟಾಗ್ತೈತೆ, ನೀರು ಸಾಕು" ಎಂದ.

ಕ್ಷೌರದ ಕತ್ತಿ ಸುಲಭ. ಬೆನ್ನು ಕಲ್ಲಿಗೊರಗಿದರೆ
ಓರೆ ಎಷ್ಟೆಂದು ಅದೇ ಹೇಳುತ್ತದೆ.
ಅಂಬಿಗೆ ಬೆನ್ನಿಲ್ಲ, ಎರಡೂ ಬಾಯಿ.
ಮಣಿಕಟ್ಟೇ ತೀರ್ಮಾನಿಸಬೇಕು.
ನನ್ನ ಮಣಿಕಟ್ಟು ಮರೆತಿತ್ತು.

ಚಿಮಣಿ ಹಚ್ಚಿಸಿ ಅಲಗಿಗೆ ಮಸಿ ಹಿಡಿಸಿದ:
"ಈಗ ಎಳಿ. ಕಲ್ಲು ಎಲ್ಲಿ ತಿಂತೈತೆ, ನೋಡು."
ಎಳೆದೆ. ಅಂಚು ಕಪ್ಪಾಗೇ ಉಳಿದು
ಹೆಗಲಲ್ಲಿ ಬೆಳ್ಳಿ ಗೆರೆ ಎದ್ದಿತು.
ಒಂದು ಕೂದಲಿನಷ್ಟು ಎತ್ತಿದೆ. ಮತ್ತೆ ಮಸಿ. ಮತ್ತೆ ಎಳೆತ.
ಅವನು ಪಕ್ಕದಲ್ಲಿ ಉಸಿರೊಳಗೇ ಎಣಿಸುತ್ತಿದ್ದ,
ಒಕಟಿ, ರೆಂಡು, ಮೂಡು,
ಮನೆಮಾತಿನಲ್ಲಿ, ಬೀಜ ಬಿತ್ತುವವನ ಹಾಗೆ.

ಹೆಬ್ಬೆರಳಿಗೆ ಸಿಕ್ಕಿತು ಕೊನೆಗೆ
ಅಂಚಿನಾಚೆ ಮಗುಚಿದ ಉಕ್ಕಿನ ಎಳೆ,
ಕಣ್ಣಿಗೆ ಕಾಣದ್ದು, ಉಗುರಿಗೆ ತೊಡರುವಂಥದ್ದು.
ತಿರುಗಿಸಿ ಅದನ್ನು ಈಚೆಗೆ ತಂದೆ,
ಕೈ ಹಗುರ ಮಾಡಿ ಆಚೆಗೆ ಕಳಿಸಿದೆ,
ಕೊನೆಗೆ ಕುರ್ಚಿಯ ಹಳೇ ತೊಗಲಪಟ್ಟಿಗೆ ಒರೆಸಿ
ಇಲ್ಲವಾಗಿಸಿದೆ.

ಮುಂಗೈ ಮೇಲೆ ಹಿಡಿದರೆ
ಕೂದಲು ತಾನಾಗಿ ಎದ್ದು ಹೋಯಿತು.
"ಅಪ್ಪ ಹೇಳ್ತಿದ್ದ" ಎಂದೆ,
"ಚರ್ಮಕ್ಕೆ ಸುದ್ದಿ ಮುಟ್ಟೋ ಮೊದಲು
ಕೂದಲು ನೆಲದಲ್ಲಿರಬೇಕು ಅಂತ."
ಪಾಲಯ್ಯ ಬಾಗಿಲಾಚೆ ನೋಡಿದ.
"ಹಂದಿಗೂ ಅಷ್ಟೇ."

ಎರಡು. ಮೂರು.
ಬಳ್ಳಾರಿ ಬಸ್ಸು ಬಂದು ನಿಂತು ಹೋಯಿತು.
ನಾಲ್ಕನೆಯದಕ್ಕೆ ಕೈ ಚಾಚಿದೆ.
ಅವನ ಅಂಗೈ ಅದರ ಮೇಲೆ ಕೂತಿತು.

"ಹದಿನಾರು ತುಂಬಿತ್ತು ನಂಗೆ. ಮಸೆಯೋಕೆ ಬೇಜಾರು.
ಹಂಗೇ ಹೂಡಿದೆ.
ಒಳಗೆ ಹೋಯ್ತು, ಕೊಯ್ಯಲಿಲ್ಲ.
ಹಂದಿ ಅದನ್ನ ಹೊತ್ಕೊಂಡು ಎರಡು ರಾತ್ರಿ ಓಡಾಡ್ತು
ಕಾವಲಿನ ತುಂಬ.
ಹಟ್ಟಿಯೊಳಗೆ ಮಲಗಿದ್ರೂ ಕೇಳ್ತಿತ್ತು.
ಅವ್ವ ಎದ್ದು ಕೂತಿದ್ಲು. ಯಾರೂ ನಂಗೆ ಬೈಲಿಲ್ಲ."

ಮೂರನೇ ದಿನ ಕಾಗೆ ತೋರಿಸಿದ ಜಾಗ.
ಈಗ ಆ ಕಾವಲಿಗೆ ಗೋಡೆ ಎದ್ದಿದೆ,
ಬೇಟೆಗೆ ಹೋದರೆ ಕೇಸು,
ಬಿಲ್ಲಿನ ಹೆದೆ ಇಲಿ ತಿಂದಿದೆ.
ಹಾಗಾದರೆ ಈ ಮೂರು ಯಾಕೆ, ಕೇಳಲಿಲ್ಲ.
ಅವನೇ ಕಂಬಳಿ ಸುತ್ತುತ್ತಾ ಅಂದ:
"ಪೆಟ್ಟಿಗೇಲಿ ಇಡೋಕೆ. ಮೊಂಡಾಗಿ ಇಟ್ರೆ
ನಿದ್ದೆ ಬರಲ್ಲ."
"ಮತ್ತೆ ಅದು?"
"ಅದು ಹಂಗೇ ಇರ್ಲಿ. ಅದನ್ನ ಯಾರೂ ಮುಟ್ಟಬಾರದು."

ಮೂರು ಗಡ್ಡದ ದುಡ್ಡು ಎಣಿಸಿ ಕೊಟ್ಟು
ರಸ್ತೆ ದಾಟಿ ಹೋದ.

ಕಲ್ಲನ್ನು ಮತ್ತೆ ಬಾಗಿಲಿಗೆ ಒತ್ತಿಡಲು ಮನಸ್ಸಾಗಲಿಲ್ಲ.
ಬಾಗಿಲು ಬಡಿಯುತ್ತದೆ, ಬಡಿಯಲಿ.
ಮುಂಗೈ ಮೇಲಿನ ಬೋಳು ಬಯಲಲ್ಲಿ
ಕೂದಲು ಮೊಳೆಯುತ್ತಿದೆ, ಕಾವಲಿನ ಕರಡದ ಹಾಗೆ.
ಗಿರಾಕಿಯ ಗದ್ದ ಎತ್ತಿ ಹಿಡಿದಾಗೆಲ್ಲ ಅದು ಕಾಣುತ್ತದೆ.
ಕೈ ಒಂದು ಕ್ಷಣ ನಿಲ್ಲುತ್ತದೆ.
"ಏನಾಯ್ತು?" ಅನ್ನುತ್ತಾರೆ ಕನ್ನಡಿಯೊಳಗಿಂದ.
ಬ್ಲೇಡು ಬದಲಿಸುತ್ತೇನೆ.